ವಿದ್ಯುತ್ ಕುಶಲಕರ್ಮಿಯ ಶಿಕ್ಷಣ

1902ನೆಯ ಇಸವಿಯ ಜೂನ್ 30ನೆಯ ದಿನವು ಕರ್ನಾಟಕದ ಕೈಗಾರಿಕೆಯ ಇತಿಹಾಸದಲ್ಲಿ ಸ್ಮರಣೀಯವಾದುದು. ಅಂದು ಶಿವನಸಮುದ್ರದಲ್ಲಿ ಕಾವೇರಿಯ ನೀರಿನ ಬಲದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಗಳ ಮೂಲಕ ಹರಿಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತ ಕಾಲದಲ್ಲಿ ಕೈಗೊಂಡ ಯೋಜನೆ ಇದು. ಅದರ ಫಲವನ್ನು ಕಾಣಲು ಅವರು ಉಳಿದಿರಲಿಲ್ಲ, 1901ರಲ್ಲಿಯೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದು ಇನ್ನೂ ಮೂರು ವರ್ಷಗಳ ಅನಂತರ, 1905ರಲ್ಲಿ. ಎಂದರೆ, ಮೈಸೂರು ಸಂಸ್ಥಾನದ ಈ ಮಹಾಯೋಜನೆಯ ವಿದ್ಯುತ್ತು ಮೊದಲು ದುಡಿಯಲು ಬಂದಿತು. ಬೆಳಕು ಕೊಡಲು ಬಂದುದು ಆಮೇಲೆ.

ಅಣೆಕಟ್ಟು, ವಿದ್ಯುದಾಗಾರ, ಎತ್ತರದ ಕಂಬಗಳು ಇವೆಲ್ಲ ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಅಷ್ಟು ದೂರದಿಂದ ಬಂದ ಶಕ್ತಿಯನ್ನು ಕಾರ್ಖಾನೆಯ ಬಾಗಿಲಿನಲ್ಲಿ ಬರಮಾಡಿಕೊಂಡು, ಒಂದೊಂದು ಯಂತ್ರಕ್ಕೂ ತಕ್ಕಷ್ಟನ್ನು ಹಂಚಿ, ಅದು ದಾರಿತಪ್ಪದಂತೆ ಕಾಯುವವನು ಯಾರ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಅವನೇ ವಿದ್ಯುತ್ ಕುಶಲಕರ್ಮಿ. ಜನರ ಮಾತಿನಲ್ಲಿ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್. ಅವನು ಪಡೆಯುವ ಶಿಕ್ಷಣವು ಎಂತಹುದು, ಅದರ ತಿರುಳು ಏನು ಎಂಬುದು ತಿಳಿಯತಕ್ಕ ವಿಷಯ.

ಮನೆಯ ವಿದ್ಯುತ್ ಕೆಲಸಕ್ಕೂ ಕಾರ್ಖಾನೆಯ ವಿದ್ಯುತ್ ಕೆಲಸಕ್ಕೂ ಬಹಳ ಅಂತರವಿದೆ. ಮನೆಗೆ ಸಾಮಾನ್ಯವಾಗಿ ಸುಮಾರು 230 ವೋಲ್ಟಿನ ಏಕಹಂತ ವಿದ್ಯುತ್ತು ಬರುತ್ತದೆ. ಕಾರ್ಖಾನೆಯ ಯಂತ್ರಗಳಿಗೆ ಬೇಕಾದುದು ಸುಮಾರು 415 ವೋಲ್ಟಿನ ಮೂರು ಹಂತಗಳ ವಿದ್ಯುತ್ತು. ಇದನ್ನೇ ‘ತ್ರೀ ಫೇಸ್’ ಎನ್ನುವುದು. ಹತ್ತು ಅಶ್ವಶಕ್ತಿಯ ಒಂದು ಮೋಟಾರು ಪೂರ್ಣ ಭಾರ ಹೊತ್ತು ತಿರುಗುವಾಗ ಸುಮಾರು 14 ಆಂಪಿಯರ್ ಪ್ರವಾಹವನ್ನು ಎಳೆದುಕೊಳ್ಳುತ್ತದೆ. ನಿಂತಿದ್ದ ಮೋಟಾರು ಹೊರಡುವ ಕ್ಷಣದಲ್ಲಿ ಈ ಪ್ರವಾಹವು ಐದಾರು ಪಟ್ಟು ಹೆಚ್ಚುವುದುಂಟು. ಇದರ ಮೇಲೆ, ಕಾರ್ಖಾನೆಯಲ್ಲಿ ಎಣ್ಣೆ, ಧೂಳು, ಶಾಖ, ತೇವ ಮತ್ತು ಎಡೆಬಿಡದ ಅದಿರಾಟ ಇವೆಲ್ಲವೂ ತಂತಿಯ ಹೊದಿಕೆಯನ್ನು ಸದಾ ತಿನ್ನುತ್ತಿರುತ್ತವೆ. ಮನೆಯಲ್ಲಿ ಹತ್ತು ವರ್ಷ ಬಾಳುವ ಜೋಡಣೆ ಅಲ್ಲಿ ಹತ್ತು ತಿಂಗಳೂ ಬಾಳದೆ ಹೋಗಬಹುದು.

ಬೇರೆ ಕಸುಬುಗಳಲ್ಲಿ ಅಪಾಯವು ಮುನ್ಸೂಚನೆ ನೀಡುತ್ತದೆ. ಕುಲುಮೆಯ ಕಬ್ಬಿಣ ಕೆಂಪಗೆ ಕಾಣುತ್ತದೆ. ಗರಗಸದ ಸದ್ದು ಕೇಳುತ್ತದೆ. ವಿದ್ಯುತ್ತಾದರೋ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ವಿದ್ಯುತ್ತು ಇರುವ ತಂತಿಗೂ ಇಲ್ಲದ ತಂತಿಗೂ ನೋಟದಲ್ಲಿ ಎಳ್ಳಷ್ಟೂ ವ್ಯತ್ಯಾಸ ತೋರದು. ಮೈಯ ಮೂಲಕ ಒಂದು ಮಿಲಿಆಂಪಿಯರಿನಷ್ಟು, ಎಂದರೆ ಆಂಪಿಯರಿನ ಸಾವಿರದ ಒಂದು ಪಾಲಿನಷ್ಟು ಪ್ರವಾಹ ಹರಿದರೆ ಜುಮ್ಮೆನ್ನುತ್ತದೆ. ಹತ್ತು ಮಿಲಿಆಂಪಿಯರ್ ದಾಟಿದರೆ ಕೈಯ ಸ್ನಾಯುಗಳು ಬಿಗಿದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದಂತಾಗಬಹುದು. ಇನ್ನೂ ಹೆಚ್ಚಿ ಹಲವು ಹತ್ತು ಮಿಲಿಆಂಪಿಯರ್‌ಗಳಷ್ಟು ಪ್ರವಾಹ ಎದೆಯ ಮೂಲಕ ಸಾಗಿದರೆ ಹೃದಯದ ಬಡಿತವೇ ಅಸ್ತವ್ಯಸ್ತವಾಗಬಲ್ಲದು. ಹತ್ತು ವ್ಯಾಟಿನ ಒಂದು ಪುಟ್ಟ ದೀಪವೂ ನಲವತ್ತು ಮಿಲಿಆಂಪಿಯರಿಗೆ ಮೇಲ್ಪಟ್ಟು ಪ್ರವಾಹವನ್ನು ಎಳೆದುಕೊಳ್ಳುತ್ತದೆ. ಮಂದವಾಗಿ ಉರಿಯುವ ದೀಪಕ್ಕೆ ಸಾಲುವಷ್ಟು ಪ್ರವಾಹವೇ ಮನುಷ್ಯನ ಪ್ರಾಣಕ್ಕೆ ಎರವಾಗಬಹುದು! ಇಂದ್ರಿಯಗಳು ನೆರವಿಗೆ ಬಾರದ ಈ ಕೆಲಸದಲ್ಲಿ ಧೈರ್ಯಕ್ಕಿಂತ ಶಿಸ್ತಿಗೆ ಬೆಲೆ ಹೆಚ್ಚು. ಆ ಶಿಸ್ತನ್ನು ಕಲಿಸುವುದೇ ತರಬೇತಿಯ ಮೊದಲ ಗುರಿ.

ಭಾರತ ಸರ್ಕಾರವು ಕುಶಲಕರ್ಮಿಗಳ ತರಬೇತಿ ಯೋಜನೆಯನ್ನು 1950ರಲ್ಲಿ ಆರಂಭಿಸಿತು. ಅದರ ಅಡಿಯಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳು ದೇಶದ ಎಲ್ಲೆಡೆ ನಡೆಯುತ್ತಿವೆ. ಜನರು ಐ.ಟಿ.ಐ. ಎಂದು ಕರೆಯುವುದು ಇವನ್ನೇ. ವಿಜ್ಞಾನ ಮತ್ತು ಗಣಿತಗಳನ್ನು ಓದಿ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರು ಇಲ್ಲಿ ಎಲೆಕ್ಟ್ರಿಷಿಯನ್ ಕಸುಬಿನ ಶಿಕ್ಷಣಕ್ಕೆ ಸೇರಬಹುದು. ಹುಡುಗರಂತೆ ಹುಡುಗಿಯರಿಗೂ ಇಲ್ಲಿ ಪ್ರವೇಶವುಂಟು. ಮಹಿಳೆಯರಿಗೆಂದೇ ಮೀಸಲಾದ ಸಂಸ್ಥೆಗಳೂ ಇವೆ. ಶಿಕ್ಷಣದ ಅವಧಿ ಎರಡು ವರ್ಷ. ಕಸುಬಿನ ಸಿದ್ಧಾಂತ, ಕಾರ್ಯಾಗಾರದ ಲೆಕ್ಕ, ಯಂತ್ರಚಿತ್ರ ಇವನ್ನು ತರಗತಿಯಲ್ಲಿ ಕಲಿಸುತ್ತಾರೆ. ಆದರೆ ಹೆಚ್ಚಿನ ಕಾಲ ಕಳೆಯುವುದು ಕಾರ್ಯಾಗಾರದಲ್ಲಿ.

ವಿದ್ಯುತ್ತನ್ನು ಕಲಿಯಲು ಬಂದ ವಿದ್ಯಾರ್ಥಿಯ ಕೈಗೆ ಆರಂಭದ ದಿನಗಳಲ್ಲಿ ಕೊಡುವುದು ಅರ, ಸುತ್ತಿಗೆ, ಗರಗಸಗಳನ್ನು! ಕಬ್ಬಿಣದ ತುಂಡನ್ನು ಹಿಡಿಕೆಯಲ್ಲಿ ಬಿಗಿದು ಅದರ ಅಂಚು ನೇರವಾಗುವವರೆಗೆ ಉಜ್ಜಬೇಕು. ಇದೇಕೆಂದು ಮೊದಮೊದಲು ಅವನಿಗೆ ಬೇಸರವಾಗುವುದುಂಟು. ಆದರೆ ಅಳತೆ ತಪ್ಪದ ಕೈ, ಆತುರಪಡದ ಮನಸ್ಸು ಈ ಎರಡೂ ಹುಟ್ಟುವುದು ಆ ಉಜ್ಜುವಿಕೆಯಲ್ಲಿಯೇ. ಅನಂತರ ತಂತಿಯ ಹೊದಿಕೆಯನ್ನು ಸುಲಿಯುವುದು. ಚಾಕುವಿನ ಅಲಗು ತಾಮ್ರಕ್ಕೆ ತಾಗಿ ಗೀರು ಬಿದ್ದರೆ ಬೋಧಕರು ಆ ತುಂಡನ್ನು ಕತ್ತರಿಸಿ ಎಸೆದು, ಮತ್ತೊಮ್ಮೆ ಸುಲಿಯುವಂತೆ ಹೇಳುತ್ತಾರೆ. ಗೀರು ಬಿದ್ದ ಕಡೆ ತಂತಿ ಸೊರಗುತ್ತದೆ. ಮುಂದೊಂದು ದಿನ ಯಂತ್ರದ ಅದಿರಾಟಕ್ಕೆ ಅಲ್ಲಿಯೇ ಮುರಿಯುತ್ತದೆ. ಆ ಬಳಿಕ ಬರುವುದು ತಂತಿಗಳನ್ನು ಹೊಸೆದು ಕೂಡಿಸುವ ವಿದ್ಯೆ. ವೆಸ್ಟರ್ನ್ ಯೂನಿಯನ್, ಬ್ರಿಟಾನಿಯಾ ಮೊದಲಾದ ಹೆಸರಿನ ಜೋಡಣೆಗಳನ್ನು ಕೈಗೆ ಅಭ್ಯಾಸವಾಗುವವರೆಗೆ ಮತ್ತೆ ಮತ್ತೆ ಮಾಡಬೇಕು.

ಒಂದು ಜೋಡಣೆಗೆ ಇಷ್ಟು ಶ್ರಮವೇಕೆ ಎಂಬುದಕ್ಕೆ ಲೆಕ್ಕವೇ ಉತ್ತರ ಹೇಳುತ್ತದೆ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಅಲ್ಲಿ ಪ್ರತಿ ಸೆಕೆಂಡಿಗೆ ಹುಟ್ಟುವ ಶಾಖ ದೊರೆಯುತ್ತದೆ. ಒಂದು ಸಡಿಲ ಜೋಡಣೆಯ ರೋಧವು ಓಮ್‌ನ ಹತ್ತನೆಯ ಒಂದು ಪಾಲು ಮಾತ್ರವೇ ಇದೆ ಎಂದಿಟ್ಟುಕೊಳ್ಳಬಹುದು. ಅದರ ಮೂಲಕ 20 ಆಂಪಿಯರ್ ಪ್ರವಾಹ ಹರಿದರೆ ಅಲ್ಲಿ ಹುಟ್ಟುವ ಶಾಖ 40 ವ್ಯಾಟ್. ಬೆಸುಗೆ ಹಾಕುವ ಒಂದು ಸಣ್ಣ ಕಡ್ಡಿ ಕಾಯಲು ಇಷ್ಟೇ ಶಾಖ ಸಾಕು. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗಿ 160 ವ್ಯಾಟಿಗೆ ಏರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಹಗಲಿರುಳು ಕಾಯುವ ಈ ಒಂದು ಬಿಂದು ಹೊದಿಕೆಯನ್ನು ಕರಗಿಸಿ ಬೆಂಕಿಗೆ ಕಾರಣವಾಗಬಲ್ಲದು. ಒಂದು ತಿರುಪನ್ನು ಅರ್ಧ ಸುತ್ತು ಹೆಚ್ಚು ಬಿಗಿಯದೆ ಬಿಟ್ಟ ತಪ್ಪಿಗೆ ಕಾರ್ಖಾನೆಯೇ ಬೆಲೆ ತೆರಬೇಕಾದೀತು.

ಕೈ ಪಳಗಿದ ಮೇಲೆ ವಿದ್ಯಾರ್ಥಿಯು ವಿದ್ಯುನ್ಮಂಡಲದ ನಕ್ಷೆಯನ್ನು ಓದಲು ಕಲಿಯುತ್ತಾನೆ. ಕೆಂಪು, ಹಳದಿ, ನೀಲಿ ಬಣ್ಣದ ತಂತಿಗಳು ಮೂರು ಹಂತಗಳನ್ನೂ, ಕಪ್ಪು ತಟಸ್ಥ ತಂತಿಯನ್ನೂ, ಹಸಿರು ಭೂಸಂಪರ್ಕವನ್ನೂ ಸೂಚಿಸುತ್ತವೆ. ಮೂರು ಹಂತಗಳಲ್ಲಿ ಯಾವ ಎರಡನ್ನು ಅದಲುಬದಲು ಮಾಡಿದರೂ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಪಂಪು ಹಿಂದಕ್ಕೆ ತಿರುಗಿದರೆ ನೀರು ಸರಿಯಾಗಿ ಬಾರದು ಅಷ್ಟೆ. ಆದರೆ ಭಾರವನ್ನು ಎತ್ತುವ ಯಂತ್ರ ಹಿಂದಕ್ಕೆ ತಿರುಗಿದರೆ ಕೆಳಗಿರುವವನ ಗತಿಯೇನು? ಬಣ್ಣದ ಕಟ್ಟಳೆಯು ಅಂದಕ್ಕಾಗಿ ಮಾಡಿದುದಲ್ಲ. ಇಂದು ತಂತಿ ಜೋಡಿಸಿದವನು ನಾಳೆ ಅದನ್ನು ಬಿಚ್ಚುವ ಅಪರಿಚಿತನಿಗೆ ಬರೆದಿಟ್ಟ ಓಲೆ ಅದು.

ಎರಡನೆಯ ವರ್ಷದಲ್ಲಿ ಮೋಟಾರುಗಳೂ ಅವನ್ನು ಹೊರಡಿಸುವ ಸ್ಟಾರ್ಟರುಗಳೂ ಪರಿಚಯವಾಗುತ್ತವೆ. ದೊಡ್ಡ ಮೋಟಾರು ಒಮ್ಮೆಲೇ ಹೆಚ್ಚು ಪ್ರವಾಹವನ್ನು ಎಳೆಯದಂತೆ ಅದರ ಸುರುಳಿಗಳನ್ನು ಮೊದಲು ‘ಸ್ಟಾರ್’ ರೀತಿಯಲ್ಲಿಯೂ ವೇಗ ಬಂದ ಮೇಲೆ ‘ಡೆಲ್ಟಾ’ ರೀತಿಯಲ್ಲಿಯೂ ಕೂಡಿಸುವ ಉಪಾಯವುಂಟು. ಇದರಿಂದ ಹೊರಡುವಾಗಿನ ಪ್ರವಾಹವು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಕಲಿಯತಕ್ಕ ಹೆಚ್ಚಿನ ಪಾಠ ಬೇರೊಂದಿದೆ. ಯಂತ್ರವನ್ನು ಹೊರಡಿಸುವ ಹಸಿರು ಗುಂಡಿಯು ಒತ್ತಿದಾಗ ಮಾತ್ರ ಮಂಡಲವನ್ನು ಕೂಡಿಸುತ್ತದೆ. ನಿಲ್ಲಿಸುವ ಕೆಂಪು ಗುಂಡಿಯಾದರೋ ಯಾವಾಗಲೂ ಕೂಡಿಕೊಂಡೇ ಇದ್ದು, ಒತ್ತಿದಾಗ ಮಂಡಲವನ್ನು ಕಡಿಯುತ್ತದೆ. ಹೀಗೇಕೆ? ಕೆಂಪು ಗುಂಡಿಗೆ ಹೋಗುವ ತಂತಿ ಎಲ್ಲಿಯಾದರೂ ತುಂಡಾದರೆ, ಯಾರೂ ಒತ್ತದಿದ್ದರೂ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಇದನ್ನು ತಿರುಗುಮುರುಗಾಗಿ ಜೋಡಿಸಿದ್ದರೆ, ತಂತಿ ತುಂಡಾಗಿರುವ ಸಂಗತಿ ತಿಳಿಯುವುದು ಒಬ್ಬನು ಕೈ ಸಿಕ್ಕಿಸಿಕೊಂಡು ಗುಂಡಿಯನ್ನು ಒತ್ತಿದಾಗ. ಆಗ ಯಂತ್ರ ನಿಲ್ಲುವುದೇ ಇಲ್ಲ.

ವಿದ್ಯುತ್ತು ಹೋಗಿ ಮತ್ತೆ ಬರುವ ಅನುಭವ ಎಲ್ಲರಿಗೂ ಇದೆ. ಮನೆಯಲ್ಲಿ ದೀಪವು ತಾನಾಗಿ ಹೊತ್ತಿಕೊಂಡರೆ ಸಂತೋಷವೇ. ಆದರೆ ಕಾರ್ಖಾನೆಯಲ್ಲಿ, ನಿಂತ ಯಂತ್ರದೊಳಗೆ ಕೈಯಿಟ್ಟು ಸಿಕ್ಕಿಕೊಂಡ ವಸ್ತುವನ್ನು ಬಿಡಿಸುತ್ತಿರುವಾಗ ಯಂತ್ರ ತಾನಾಗಿ ಹೊರಟರೆ ಅನಾಹುತ ತಪ್ಪದು. ಆದುದರಿಂದ ಒಮ್ಮೆ ವಿದ್ಯುತ್ತು ಹೋದರೆ, ಮತ್ತೆ ಯಾರಾದರೂ ಹಸಿರು ಗುಂಡಿಯನ್ನು ಒತ್ತುವವರೆಗೆ ಮೋಟಾರು ಹೊರಡದಂತೆ ಮಂಡಲವನ್ನು ರಚಿಸಿರುತ್ತಾರೆ. ನಕ್ಷೆಯ ಒಂದೊಂದು ಗೆರೆಯ ಹಿಂದೆಯೂ ಹೀಗೆ ಒಂದೊಂದು ಕೈಯನ್ನು ಉಳಿಸುವ ವಿವೇಚನೆ ಅಡಗಿದೆ. ಅದನ್ನು ಅರಿತವನು ಮಾತ್ರ ನಕ್ಷೆಯನ್ನು ಓದಬಲ್ಲವನೆನಿಸುತ್ತಾನೆ.

ಫ್ಯೂಸು ಇದ್ದರೆ ಭಯವಿಲ್ಲವೆಂಬುದು ಜನರಲ್ಲಿರುವ ಒಂದು ತಪ್ಪು ತಿಳಿವಳಿಕೆ. ಐದು ಆಂಪಿಯರಿನ ಫ್ಯೂಸು ಅದಕ್ಕಿಂತ ಹೆಚ್ಚಿನ ಪ್ರವಾಹಕ್ಕೆ ಕರಗತಕ್ಕದ್ದು. ಮನುಷ್ಯನನ್ನು ಕೊಲ್ಲಬಲ್ಲ ಪ್ರವಾಹವು ಅದರ ನೂರನೆಯ ಒಂದು ಪಾಲು. ಅಷ್ಟು ಅಲ್ಪ ಪ್ರವಾಹವು ಫ್ಯೂಸಿನ ಲಕ್ಷ್ಯಕ್ಕೇ ಬರುವುದಿಲ್ಲ. ಫ್ಯೂಸು ಕಾಯುವುದು ಮುಖ್ಯವಾಗಿ ತಂತಿಯನ್ನು. ಮನುಷ್ಯನನ್ನು ಕಾಯುವುದು ಭೂಸಂಪರ್ಕ. ಯಂತ್ರದ ಲೋಹದ ಮೈಯನ್ನು ದಪ್ಪ ತಂತಿ ಅಥವಾ ಪಟ್ಟಿಯ ಮೂಲಕ ನೆಲದಲ್ಲಿ ಹೂಳಿದ ಕೊಳವೆಗೆ ಇಲ್ಲವೆ ತಗಡಿಗೆ ಕೂಡಿಸಿರುತ್ತಾರೆ. ಒಳಗಿನ ತಂತಿಯ ಹೊದಿಕೆ ಹರಿದು ಯಂತ್ರದ ಮೈಗೆ ತಗುಲಿದರೆ, ಪ್ರವಾಹವು ಈ ಸುಲಭವಾದ ದಾರಿಯಲ್ಲಿ ಭರದಿಂದ ಹರಿದು ಫ್ಯೂಸನ್ನು ಕರಗಿಸುತ್ತದೆ. ಯಂತ್ರವನ್ನು ಮುಟ್ಟಿದವನು ಉಳಿದುಕೊಳ್ಳುತ್ತಾನೆ. ಇದಲ್ಲದೆ 30 ಮಿಲಿಆಂಪಿಯರಿನಷ್ಟು ಸೋರಿಕೆಯನ್ನೇ ಗುರುತಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಂಡಲವನ್ನು ಕಡಿಯುವ ಉಪಕರಣಗಳೂ ಈಗ ಬಳಕೆಯಲ್ಲಿವೆ. ಇವನ್ನೆಲ್ಲ ಅಳವಡಿಸುವುದಷ್ಟೇ ಅಲ್ಲ, ಆಗಾಗ್ಗೆ ಪರೀಕ್ಷಿಸಿ ನೋಡುವುದೂ ಕುಶಲಕರ್ಮಿಯ ಕರ್ತವ್ಯ.

ಇಷ್ಟೆಲ್ಲ ಕಲಿತರೂ ಒಂದು ಅಭ್ಯಾಸ ಬಾರದಿದ್ದರೆ ಶಿಕ್ಷಣ ಪೂರ್ಣವಾಗುವುದಿಲ್ಲ. ಅದು ಯಂತ್ರಕ್ಕೆ ಕೈ ಹಚ್ಚುವ ಮೊದಲು ಪಾಲಿಸತಕ್ಕ ಕ್ರಮ. ಮೊದಲು ಆ ಯಂತ್ರದ ಮುಖ್ಯ ಸ್ವಿಚ್ಚನ್ನು ತೆಗೆಯಬೇಕು. ಅನಂತರ ಅದಕ್ಕೆ ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಇಬ್ಬರು ಕೆಲಸ ಮಾಡುವುದಾದರೆ ಇಬ್ಬರದೂ ಎರಡು ಬೀಗ. ಒಬ್ಬನ ಕೆಲಸ ಮುಗಿದ ಮಾತ್ರಕ್ಕೆ ಮತ್ತೊಬ್ಬನ ಪ್ರಾಣ ಅಪಾಯಕ್ಕೆ ಒಳಗಾಗಬಾರದು. ‘ಕೆಲಸ ನಡೆಯುತ್ತಿದೆ, ಸ್ವಿಚ್ಚನ್ನು ಹಾಕಬೇಡಿ’ ಎಂಬ ಫಲಕವನ್ನು ತೂಗುಹಾಕಬೇಕು. ಬಳಿಕ ತಂತಿಯಲ್ಲಿ ವಿದ್ಯುತ್ತು ಇಲ್ಲವೆಂಬುದನ್ನು ಪರೀಕ್ಷಕದಿಂದ ನೋಡಬೇಕು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಪರೀಕ್ಷಕವೇ ಕೆಟ್ಟಿದ್ದರೆ ಅದು ಎಲ್ಲ ತಂತಿಗಳಲ್ಲಿಯೂ ‘ಇಲ್ಲ’ ಎಂದೇ ತೋರಿಸುತ್ತದೆ. ಅದಕ್ಕಾಗಿ ಮೊದಲು ವಿದ್ಯುತ್ತು ಇದೆಯೆಂದು ಖಚಿತವಾಗಿ ಗೊತ್ತಿರುವ ಕಡೆ ಅದನ್ನು ಹಿಡಿದು ನೋಡಬೇಕು. ಅನಂತರ ಕೆಲಸದ ತಂತಿಯ ಮೇಲೆ. ಕೊನೆಗೆ ಮತ್ತೊಮ್ಮೆ ಮೊದಲಿನ ಕಡೆ. ಈ ಮೂರೂ ಆದ ಮೇಲೆಯೇ ತಂತಿಯನ್ನು ಮುಟ್ಟತಕ್ಕದ್ದು. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್‌ಗಳಿದ್ದರೆ, ಸ್ವಿಚ್ಚು ತೆಗೆದ ಅನಂತರವೂ ಅವುಗಳಲ್ಲಿ ಉಳಿದಿರುವ ವಿದ್ಯುತ್ತನ್ನು ಮೊದಲು ಬರಿದುಮಾಡಬೇಕು.

ಈ ಕ್ರಮಕ್ಕೆ ಹಿಡಿಯುವ ಕಾಲ ಬಹಳವೇನೂ ಇಲ್ಲ. ಆದರೂ ಅಪಘಾತಗಳು ನಡೆಯುವುದು ಆ ಸ್ವಲ್ಪ ಕಾಲವನ್ನು ಉಳಿಸಲು ಹೋದಾಗಲೇ. ಸುಗ್ಗಿಯ ದಿನಗಳಲ್ಲಿ ಒಂದು ಅಕ್ಕಿ ಗಿರಣಿಯ ಮೋಟಾರು ನಿಂತುಹೋಯಿತೆಂದು ಭಾವಿಸಬಹುದು. ಹೊರಗೆ ಭತ್ತದ ಗಾಡಿಗಳು ಸಾಲುಗಟ್ಟಿವೆ. ಫ್ಯೂಸು ಹಾಕಿದಂತೆಲ್ಲ ಕರಗುತ್ತಿದೆ. “ಸ್ವಲ್ಪ ದಪ್ಪ ತಂತಿ ಕಟ್ಟಿ ಓಡಿಸಿಬಿಡಪ್ಪ, ಜನ ಕಾಯುತ್ತಿದ್ದಾರೆ” ಎಂದು ಗಿರಣಿಯ ಯಜಮಾನರು ಅವಸರಪಡಿಸುತ್ತಾರೆ. ದಪ್ಪ ತಂತಿ ಕಟ್ಟಿದರೆ ಗಿರಣಿ ಆ ಕ್ಷಣಕ್ಕೆ ಓಡಬಹುದು. ಕಟ್ಟಿದವನಿಗೆ ಹೊಗಳಿಕೆಯೂ ಸಿಕ್ಕಬಹುದು. ತರಬೇತಿ ಪಡೆದವನು, “ಅರ್ಧ ಗಂಟೆ ಕೊಡಿ ಯಜಮಾನರೇ, ಕಾರಣ ಏನೆಂದು ನೋಡಿಬಿಡುತ್ತೇನೆ” ಎನ್ನುತ್ತಾನೆ. ಸ್ವಿಚ್ಚು ತೆಗೆದು, ಬೀಗ ಹಾಕಿ, ಪರೀಕ್ಷಿಸಿ, ಬಳಿಕ ಮೆಗ್ಗರ್ ಎಂಬ ಉಪಕರಣದಿಂದ ಮೋಟಾರಿನ ಸುರುಳಿಗಳ ಹೊದಿಕೆ ಗಟ್ಟಿಯಾಗಿದೆಯೇ ಎಂದು ಅಳೆಯುತ್ತಾನೆ. ಮೂರು ಹಂತಗಳೂ ಸರಿಯಾಗಿ ಬರುತ್ತಿವೆಯೇ, ಬೇರಿಂಗು ಬಿಗಿದುಕೊಂಡಿದೆಯೇ ಎಂದು ಹುಡುಕುತ್ತಾನೆ. ಕರಗಿದ ಫ್ಯೂಸು ರೋಗವಲ್ಲ, ರೋಗದ ಲಕ್ಷಣ. ದಪ್ಪ ತಂತಿ ಕಟ್ಟುವುದೆಂದರೆ ಕೂಗುವ ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂತೆ. ಯಜಮಾನರ ಅವಸರದ ಎದುರು ವಿನಯದಿಂದ, ಆದರೆ ದೃಢವಾಗಿ ‘ಆಗದು’ ಎನ್ನುವ ಶಕ್ತಿಯೂ ಈ ಶಿಕ್ಷಣದ ಒಂದು ಭಾಗವೇ ಆಗಿದೆ.

ಅಪಘಾತವಾದಾಗ ಮಾಡತಕ್ಕುದನ್ನೂ ವಿದ್ಯಾರ್ಥಿ ಕಲಿಯುತ್ತಾನೆ. ವಿದ್ಯುತ್ತು ಹಿಡಿದವನನ್ನು ಬರಿಗೈಯಿಂದ ಎಳೆಯಲು ಹೋದವನೂ ಸಿಕ್ಕಿಬೀಳುತ್ತಾನೆ. ಮೊದಲು ಸ್ವಿಚ್ಚನ್ನು ತೆಗೆಯಬೇಕು. ಮನೆಯ ಅಥವಾ ಕಾರ್ಖಾನೆಯ ಸಾಮಾನ್ಯ ತಂತಿಯಾಗಿದ್ದು ಅದು ಸಾಧ್ಯವಾಗದಿದ್ದರೆ ಒಣ ಮರದ ಕೋಲಿನಿಂದ ಅವನನ್ನು ಬಿಡಿಸಬೇಕು. ಉಸಿರು ನಿಂತಿದ್ದರೆ ಕೂಡಲೇ ಎದೆಯೊತ್ತುವ ಹಾಗೂ ಉಸಿರು ಕೊಡುವ ಚಿಕಿತ್ಸೆಯನ್ನು ಆರಂಭಿಸಿ, ವೈದ್ಯರ ನೆರವನ್ನು ಕರೆಸಬೇಕು. ವಿದ್ಯುತ್ತಿನಿಂದ ಹೊತ್ತಿದ ಬೆಂಕಿಗೆ ನೀರು ಸುರಿಯಬಾರದು.

ಎರಡು ವರ್ಷಗಳ ಕೊನೆಯಲ್ಲಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ ದೊರೆಯುತ್ತದೆ. ಅನಂತರ, 1961ರ ಶಿಶಿಕ್ಷು ಅಧಿನಿಯಮದ ಮೇರೆಗೆ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿ, ಭತ್ಯೆ ಪಡೆಯುತ್ತ ಅನುಭವ ಗಳಿಸಬಹುದು. ಸಂಸ್ಥೆಯಲ್ಲಿ ಹಲಗೆಯ ಮೇಲೆ ಮಾಡಿದ ಜೋಡಣೆಯನ್ನು ಇಲ್ಲಿ ಓಡುವ ಯಂತ್ರಗಳ ನಡುವೆ, ಹಿರಿಯ ಕೆಲಸಗಾರರ ಕಣ್ಣೆದುರಿನಲ್ಲಿ ಮಾಡಬೇಕು. ವಿದ್ಯುತ್ ಜೋಡಣೆಯ ಕೆಲಸವನ್ನು ಸ್ವತಂತ್ರವಾಗಿ ಮಾಡಲು ಸರ್ಕಾರದ ಪರವಾನಗಿ ಅವಶ್ಯ. ಕರ್ನಾಟಕದಲ್ಲಿ ಇದರ ಹೊಣೆ ವಿದ್ಯುತ್ ಪರಿವೀಕ್ಷಣಾಲಯದ್ದು. ಮುಂದೆ ಓದಬಯಸುವವರು ಡಿಪ್ಲೊಮಾ ಶಿಕ್ಷಣದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಲು ಅವಕಾಶವಿದೆ. ಅಲ್ಲಿಂದ ಎಂಜಿನಿಯರಿಂಗ್ ಪದವಿಗೂ ದಾರಿಯಿದೆ. ಬೋಧಕರ ತರಬೇತಿ ಪಡೆದು ತಾವು ಕಲಿತ ಬಗೆಯ ಸಂಸ್ಥೆಯಲ್ಲಿಯೇ ಗುರುಗಳಾದವರೂ ಉಂಟು.

ಕಸುಬು ನಿಂತಲ್ಲಿ ನಿಂತಿಲ್ಲ. ಯಂತ್ರಗಳ ಚಲನೆಯನ್ನು ಗಣಕಗಳು ನಿಯಂತ್ರಿಸುತ್ತಿವೆ. ಮೋಟಾರಿನ ವೇಗವನ್ನು ವಿದ್ಯುನ್ಮಾನ ಉಪಕರಣಗಳು ಹೆಚ್ಚಿಸಿ ತಗ್ಗಿಸುತ್ತವೆ. ಕಾರ್ಖಾನೆಗಳ ಚಾವಣಿಗಳ ಮೇಲೆ ಸೌರಫಲಕಗಳು ಬಂದಿವೆ. ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೂ ಓಮನ ನಿಯಮ ಬದಲಾಗಿಲ್ಲ. ಸಡಿಲ ಜೋಡಣೆ ಇಂದಿಗೂ ಕಾಯುತ್ತದೆ. ಪರೀಕ್ಷಿಸದೆ ಮುಟ್ಟಿದವನನ್ನು ವಿದ್ಯುತ್ತು ಇಂದಿಗೂ ಕ್ಷಮಿಸುವುದಿಲ್ಲ.

ಬಡಗಿ ಮಾಡಿದ ಬಾಗಿಲನ್ನು ನೋಡಿ ಮೆಚ್ಚುವವರಿದ್ದಾರೆ. ವಿದ್ಯುತ್ ಕುಶಲಕರ್ಮಿಯ ಕೆಲಸವು ಗೋಡೆಯೊಳಗೆ, ಕೊಳವೆಯೊಳಗೆ, ಮುಚ್ಚಿದ ಪೆಟ್ಟಿಗೆಯೊಳಗೆ ಅಡಗಿಹೋಗುತ್ತದೆ. ಒಳಗಿನ ತಿರುಪು ಬಿಗಿಯಾಗಿದೆಯೇ ಎಂಬುದು ಅವನಿಗೆ ಮಾತ್ರ ಗೊತ್ತು. ಅವನು ಚೆನ್ನಾಗಿ ಕೆಲಸ ಮಾಡಿದ್ದರೆ ಏನೂ ಸಂಭವಿಸುವುದಿಲ್ಲ. ಯಂತ್ರ ಓಡುತ್ತದೆ, ಕೆಲಸಗಾರರು ಸಂಜೆ ಸುಖವಾಗಿ ಮನೆಗೆ ಮರಳುತ್ತಾರೆ. ಆ ಏನೂ ಸಂಭವಿಸದಿರುವಿಕೆಯೇ ಅವನ ಸಾಧನೆ. ಯಾರೂ ನೋಡದಿರುವಾಗಲೂ ತಿರುಪನ್ನು ಪೂರ್ತಿ ಬಿಗಿಯುವ ಪ್ರಾಮಾಣಿಕತೆಯನ್ನು ಕೈಗೆ ಕಲಿಸುವುದೇ ಈ ಶಿಕ್ಷಣದ ಸಾರ.